ಪುಟ್ಟಿ ಮೊಣಕಾಲಿನ ವಿಷಯ, ಗುರುವಾರಕ್ಕೆ ಮುಂಚೆ

ಅತ್ತಿಗೆ, 4 ವರ್ಷದ ಮಗು, ಬಲಮೊಣಕಾಲು ಊದಿ 2 ತಿಂಗಳಾಯ್ತು, ಸಂಧಿವಾತಕ್ಕೆ ಮಾಡೋ ರಕ್ತಪರೀಕ್ಷೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದಿದೆ, ಆದ್ರೂ ಗುರುವಾರ ಬೆಂಗಳೂರಿಗೆ ಮಕ್ಕಳ ರುಮಟಾಲಜಿಸ್ಟ್ (ಸಂಧಿವಾತದ ಡಾಕ್ಟರು) ಹತ್ರ ಹೋಗ್ಬೇಕಾ ಅಂತ ಕೇಳಿದ್ರಲ್ಲ. ಹೋಗ್ಲೇಬೇಕು. ಮಕ್ಕಳ ಸಂಧಿವಾತದಲ್ಲಿ ಹೆಚ್ಚಿನವರಿಗೆ ಆ ಟೆಸ್ಟ್ ನೆಗೆಟಿವ್ವೇ ಬರೋದು. ಉರಿಯೂತ ಇದೆಯಾ ಅಂತ ನೋಡೋ ರಕ್ತಪರೀಕ್ಷೆಗಳು ಇಎಸ್‌ಆರ್, ಸಿಆರ್‌ಪಿ ಕೂಡ ನಾರ್ಮಲ್ ಇರಬಹುದು. 6 ವಾರ ದಾಟಿದ್ರೂ ಊತ ಇಳಿದಿಲ್ಲ ಅನ್ನೋದೇ ಇಲ್ಲಿ ಮುಖ್ಯ.

ನಾಳೆ ಬೆಳಿಗ್ಗೆಯಿಂದ್ಲೇ ವಿಡಿಯೊ ಮಾಡಿ. ಹಾಸಿಗೆಯಿಂದ ಎದ್ದ ಕೂಡ್ಲೇ, ಬರಿಗಾಲಲ್ಲಿ, ಮೊಣಕಾಲು ಕಾಣೋ ಹಾಗೆ ಚಡ್ಡಿ ಹಾಕಿ. ನಡೆಯೋದು, ಮೆಟ್ಟಿಲು ಇಳಿಯೋದು, ನೆಲದ ಮೇಲೆ ಕೂತು ಏಳೋದು, ಮೂರೂ ಬರ್ಲಿ. ಕುಂಟೋದು ಎಷ್ಟು ಹೊತ್ತಿಗೆ ನಿಲ್ಲತ್ತೆ ಅಂತ ಗಡಿಯಾರ ನೋಡಿ ಬರೆದಿಡಿ. ಯಾಕಂದ್ರೆ ಮಧ್ಯಾಹ್ನದ ಹೊತ್ತಿಗೆ ಬಿಗಿತ ಬಿಟ್ಟು, ಡಾಕ್ಟರ ಎದುರಿಗೆ ಚೆನ್ನಾಗೇ ಓಡಾಡ್ತಾಳೆ. ಈ ವಯಸ್ಸಿನವ್ರು ನೋವು ಅನ್ನಲ್ಲ, 'ಎತ್ಕೋ' ಅಂತಾರೆ, ಅಷ್ಟೆ. ಜ್ವರ ಬಂದ್ರೆ ಥರ್ಮಾಮೀಟರ್ ಇಟ್ಟು ಹೊತ್ತು ಸಮೇತ ಬರೀರಿ. ಮೈಮೇಲೆ ಗಂಧೆ ಎದ್ರೆ ಆಗ್ಲೇ ಫೋಟೊ ತೆಗೀರಿ, ಜ್ವರ ಇಳಿದ ಮೇಲೆ ಕಾಣದೇ ಹೋಗಬಹುದು.

ಎಕ್ಸ್‌ರೇ ಫಿಲ್ಮು, ಲಸಿಕೆ ಕಾರ್ಡು, ಇದುವರೆಗೆ ಕೊಟ್ಟ ಮಾತ್ರೆಗಳ ಸ್ಟ್ರಿಪ್ಪು, ನಾಟಿ ಔಷಧಿ ಬಾಟಲಿ, ಎಲ್ಲಾ ಒಂದೇ ಚೀಲದಲ್ಲಿರ್ಲಿ. ಅಷ್ಟರೊಳಗೆ ಯಾರಾದ್ರೂ ಸ್ಟೀರಾಯ್ಡ್ ಬರೆದುಕೊಟ್ರೆ, ಶುರು ಮಾಡೋಕ್ಕೆ ಮೊದ್ಲು ರುಮಟಾಲಜಿಸ್ಟ್‌ನ ಕೇಳಿ. ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಕೂಡ ಕೀಲುನೋವಾಗಿ ಕಾಣಿಸ್ಕೊಳ್ಳತ್ತೆ, ಸ್ಟೀರಾಯ್ಡ್ ಅದನ್ನ ಮುಚ್ಚಿಬಿಡತ್ತೆ. ಆಗ್ಲೇ ಕೊಡ್ತಿದ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ. ಜೋರು ಜ್ವರ ಬಂದು ಕಾಲು ಊರೋಕ್ಕೇ ಆಗಲ್ಲ ಅಂದ್ರೆ ಗುರುವಾರದವರೆಗೆ ಕಾಯ್ಬೇಡಿ, ಕೀಲಿನೊಳಗೆ ಕೀವಾಗಿರಬಹುದು. ಅವತ್ತೇ ಆಸ್ಪತ್ರೆಗೆ.

ಕಣ್ಣಿನ ವಿಷಯ ನೀವೇ ಬಾಯಿಬಿಟ್ಟು ಕೇಳಿ. ಈ ಕಾಯಿಲೆಯಲ್ಲಿ ಕಣ್ಣೊಳಗೆ ಉರಿಯೂತ ಆಗಬಹುದು. ಹೆಚ್ಚಾಗಿ ಕೆಂಪಾಗಲ್ಲ, ನೋಯಲ್ಲ, ದೃಷ್ಟಿ ಮಂದವಾದ ಮೇಲೇ ಗೊತ್ತಾಗೋದು. ಟಾರ್ಚ್ ಬಿಟ್ಟು ನೋಡಿದ್ರೆ ಸಾಲದು, ಕಣ್ಣಿನ ಡಾಕ್ಟರ ಹತ್ರ ಇರೋ ಸ್ಲಿಟ್ ಲ್ಯಾಂಪ್ ಅನ್ನೋ ಯಂತ್ರದಲ್ಲೇ ನೋಡ್ಬೇಕು. ಎಎನ್‌ಎ ಅನ್ನೋ ರಕ್ತಪರೀಕ್ಷೆ ಪಾಸಿಟಿವ್ ಇದ್ರೆ ಈ ವಯಸ್ಸಿಗೆ 3 ತಿಂಗಳಿಗೊಮ್ಮೆ ನೋಡಿಸ್ಬೇಕು.

ಇನ್ನು ಚಿಕಿತ್ಸೆ. ಊದಿರೋದು ಒಂದೇ ಕೀಲಾದ್ರೆ ಅಲ್ಲಿಗೇ ಇಂಜೆಕ್ಷನ್ ಕೊಡಬಹುದು. ಸಂಧಿವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದ್ರೆ ಅದು ವಾರಕ್ಕೆ ಒಂದೇ ದಿನ. ದಿನಾ ಕೊಟ್ರೆ ಜೀವಕ್ಕೇ ಅಪಾಯ. ಜೊತೆಗೆ ಬರೆಯೋ ಫೋಲಿಕ್ ಆಸಿಡ್ (ವಿಟಮಿನ್) ಕೂಡ ಅದರ ಹಾಗೇ ಹಳದಿ ಮಾತ್ರೆ ಇರಬಹುದು, ಅದಲುಬದಲಾಗತ್ತೆ. ವಾರದಲ್ಲಿ ಯಾವ ದಿನ ಅಂತ ಡಬ್ಬಿ ಮೇಲೇ ಪೆನ್ನಲ್ಲಿ ಬರೆದು, ಮನೇಲಿ ಮಾತ್ರೆ ಕೊಡೋ ಅಜ್ಜಿಗೂ ತೋರಿಸಿಡಿ.