ಗುಡ್ಡ ಕಾಣೋ ಹಾಗೆ ಮನೆ: ಕಟ್ಟಿದವರು ಅನುಭವ ಹೇಳಿ

ಹೊಸಮನೆ: ಮೂಡಿಗೆರೆ ಹತ್ರ 14 ಗುಂಟೆ ಜಾಗ ಇದೆ. ಪಡುವಣಕ್ಕೆ ಕಣಿವೆ, ಅದರಾಚೆ ಘಟ್ಟದ ಸಾಲು. ಹಾಲ್‌ನ ಆ ಗೋಡೆಗೆ 10 ಅಡಿ ಗಾಜು ಹಾಕಿಸೋಣ ಅಂತಿದೀವಿ. ಬಾಗಿಲು ತೆಗೆದ ಕೂಡಲೇ ಇಡೀ ಗುಡ್ಡ ಕಾಣಬೇಕು.

ಕಳಸದವ: 2019ರಲ್ಲಿ ನಂಗೂ ಇದೇ ಹುಚ್ಚು ಹಿಡಿದಿತ್ತು. 8 ಅಡಿಗೆ 6 ಅಡಿ, 12 ಎಂಎಂ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು. ತೂಕ 134 ಕೆಜಿ. ಲಾರಿ ಕೊನೇ ತಿರುವು ಹತ್ತಲಿಲ್ಲ, ಎಂಟು ಜನ ಹೊತ್ತು ತಂದರು, ತಲಾ 500. ತಂದು ಹಿಡಿದು ನೋಡಿದರೆ ಚೌಕಟ್ಟಿಗಿಂತ 9 ಎಂಎಂ ಅಗಲ! ಟಫನ್ ಆದ ಮೇಲೆ ಕೊಯ್ಯೋ ಹಾಗಿಲ್ಲ, ಪುಡಿಪುಡಿ ಆಗ್ತದೆ. ಗೋಡೆ ಒಡೆದ್ವಿ. ಗಾಜು 17,300, ಸಾಗಾಟ 9,500, ಗೋಡೆ 22,000, ಸಿಲಿಕಾನ್ ಮೂರು ಸಲ 6,400. ಇಷ್ಟಾಗಿ ಜೂನ್‌ನಲ್ಲಿ ಮಳೆ ಅಡ್ಡಡ್ಡ ಹೊಡೆದಾಗ ಸೋಫಾ ಕೆಳಗೆ ನೀರು. ಈಗ ಮಳೆಗಾಲ ಪೂರ್ತಿ ಗಾಜಿಗೆ ಟಾರ್ಪಾಲ್. ಕೂತರೆ ನೀಲಿ ಬಣ್ಣ ಚೆನ್ನಾಗಿ ಕಾಣ್ತದೆ.

ಹಳೇ ಜಗಲಿ: ಸೂರು ಎಷ್ಟು ಬಿಟ್ಟಿದ್ರಿ? ಅಜ್ಜ ಕಟ್ಟಿದ ನಮ್ಮನೆಯಲ್ಲಿ ಹಂಚಿನ ಸೂರು ಗೋಡೆಯಿಂದ ನಾಲ್ಕಡಿ ಮುಂದೆ ಇದೆ. ಒಂದು ಹನಿ ಒಳಗೆ ಬಂದಿದ್ದಿಲ್ಲ. ಗುಡ್ಡ ನೋಡೋಕೆ ಜಗಲಿ ಇತ್ತು. ತಪ್ಪು ಮಳೆದಲ್ಲ.

ಕಳಸದವ: ಒಂದೂವರೆ ಅಡಿ. ನಾಲ್ಕಡಿ ಬಿಟ್ಟರೆ ಗುಡ್ಡದ ತಲೆ ಕಾಣಲ್ಲ ಸ್ವಾಮಿ.

ಹಳೇ ಜಗಲಿ: ಕೂತವನಿಗೆ ಕಾಣ್ತದೆ. ನಿಮಗೆ ನಿಂತೇ ನೋಡಬೇಕು, ಫೋಟೋ ತೆಗೀಬೇಕು.

ವಾರಾಂತ್ಯದ ರೈತ: ನಮ್ಮದೂ ಪಡುವಣ. ಡಿಸೆಂಬರಿಂದ ಮೇವರೆಗೆ ಮಧ್ಯಾಹ್ನ ಮೂರೂವರೆಗೆ ಪರದೆ ಎಳೀತೀವಿ, ಆರಕ್ಕೆ ತೆಗೀತೀವಿ. ಆಮೇಲೆ ಕತ್ತಲೆ. ಅದಕ್ಕಿಂತ ಉರಿಯೋದು ಬಾಲ್ಕನಿ ರೇಲಿಂಗ್. ಮೂರೂವರೆ ಅಡಿ ಎತ್ತರದ ಸ್ಟೀಲ್ ಪೈಪು, ಬೆತ್ತದ ಕುರ್ಚೀಲಿ ಕೂತರೆ ಸರಿಯಾಗಿ ಗುಡ್ಡದ ಸೊಂಟಕ್ಕೆ ಬರುತ್ತೆ. ಪ್ಲಾನ್ ಕೈಗೆ ಕೊಟ್ಟವರು ಒಂದು ದಿನ ಆ ಜಾಗದಲ್ಲಿ ಕುರ್ಚಿ ಹಾಕಿ ಕೂತಿದ್ದರೆ ಗೊತ್ತಾಗ್ತಿತ್ತು. ನಾನೂ ಕೂತಿರಲಿಲ್ಲ, ಅದು ಬೇರೆ ಮಾತು.

ಸೋಮವಾರಪೇಟೆ ಅಕ್ಕ: ಹಾಲ್, ಬಾಲ್ಕನಿ ಎಲ್ಲ ಗಂಡಸರ ಲೆಕ್ಕ. ನಾನು ಪಾತ್ರೆ ತೊಳೆಯೋ ಸಿಂಕಿನ ಎದುರು ಎರಡಡಿಗೆ ಒಂದೂವರೆ ಅಡಿ ಕಿಟಕಿ ಒಡೆಸಿದೆ. 3,800 ರೂಪಾಯಿ. ಮೇಸ್ತ್ರಿ ನಕ್ಕ. ಬೆಳಗ್ಗೆ ಮಂಜು ಸರಿದಾಗ ಆ ಚೌಕದಲ್ಲಿ ಕಾಫಿ ತೋಟ, ಮೇಲೊಂದು ಬೋಳು ಗುಡ್ಡ, ಅಷ್ಟೇ. ಈಗ ಯಜಮಾನರು ಕಾಫಿ ಲೋಟ ಹಿಡ್ಕೊಂಡು ಅಲ್ಲೇ ನಿಲ್ತಾರೆ, ಪಾತ್ರೆ ಮಾತ್ರ ಮುಟ್ಟಲ್ಲ.

ನಕ್ಷೆ: ಅಕ್ಕ ಹೇಳಿದ್ದೇ ಸರಿ. ಬಾಗಿಲಲ್ಲೇ ಎಲ್ಲ ತೋರಿಸಿಬಿಟ್ಟರೆ ಎರಡನೇ ವಾರಕ್ಕೆ ಯಾರೂ ನೋಡಲ್ಲ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ತಮ್ಮ ಲುನುಗಂಗ ತೋಟದಲ್ಲಿ ಎದುರಿನ ದಿಣ್ಣೆಯ ನೆತ್ತಿಯನ್ನೇ ತಗ್ಗಿಸಿ, ದೂರದ ಸ್ತೂಪ ಕಣ್ಣಿಗೆ ಬೀಳೋ ಹಾಗೆ ಮಾಡಿದ್ದರು.

ಕಳಸದವ: ಅವರದ್ದು ಸ್ವಂತ ದಿಣ್ಣೆ. ನನ್ನೆದುರಿನದ್ದು ಪಕ್ಕದವನದ್ದು, ಅದರ ತುಂಬ ಸಿಲ್ವರ್ ಓಕ್. ಮನೆ ಕಟ್ಟುವಾಗ ಸೊಂಟದೆತ್ತರ ಇತ್ತು, ಈಗ ಗುಡ್ಡ ಅರ್ಧ ನುಂಗಿದೆ. ಕೇಳಿದರೆ ‘ನೆರಳಿಗೆ’ ಅಂತಾನೆ.

ಹಳೇ ಜಗಲಿ: ಕಾಫಿ ಗಿಡದ ನೆರಳಿಗೇ ಹಾಕೋದು! ಮೇಲೆ ಮೆಣಸಿನ ಬಳ್ಳಿ ಬೇರೆ. ನಿಮ್ಮ ವ್ಯೂಗೆ ಅವನ್ಯಾಕೆ ಬೆಳೆ ಕಡೀಬೇಕು?

ವಾರಾಂತ್ಯದ ರೈತ: ನೆರಳಿಗೆ ಹಲಸು, ಅತ್ತಿ ಹಾಕಬಾರದಾ? ಓಕ್ ಹಾಕೋದು ಕಡಿದು ಮಾರೋಕೆ.

ಹಳೇ ಜಗಲಿ: ಶನಿವಾರ ಬಂದು ಭಾನುವಾರ ಹೋಗೋರು ಹಲಸಿನ ಪಾಠ ಹೇಳಬೇಡಿ.

ವಾರಾಂತ್ಯದ ರೈತ: ತೆರಿಗೆ ಏಳು ದಿನಕ್ಕೂ ಕಟ್ತೀನಿ.

ಹೊಸಮನೆ: ಗಾಜು 10 ಅಡಿನಾ, 6 ಅಡಿನಾ?

ಕಳಸದವ: ಅದಿರಲಿ, ನಿಮ್ಮ ಕೆಳಗಿನ ತೋಟ ಯಾರದ್ದು?