ಮಗನಿಗೆ ಡಿಸ್ಲೆಕ್ಸಿಯಾ, ಆಟಿಸಂ ಎರಡೂ ಇವೆ. ಶಾಲೆ ಬದಲಿಸಲಾ? ಅನುಭವ ಇದ್ದವರು ಹೇಳಿ

ಬಾಗಲಕೋಟೆ ತಾಯಿ: ಮಗನಿಗೆ 9 ವರ್ಷ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿದೆವು, ಓದು ಬರಹ ತೊಡಕಾಗುವ ಡಿಸ್ಲೆಕ್ಸಿಯಾ, ಜನರೊಡನೆ ಬೆರೆಯುವುದು ಕಷ್ಟವಾಗುವ ಆಟಿಸಂ, ಎರಡೂ ಇವೆ ಅಂದರು. ಅವನ ಯೋಚನೆಯೆಲ್ಲ ಚಿತ್ರದಲ್ಲೇ. ಒಮ್ಮೆ ನೋಡಿದ ಓಣಿಯನ್ನು ಬಾಗಿಲು ಕಿಟಕಿ ಸಮೇತ ಬರೆಯುತ್ತಾನೆ. ‘ಮ’ ಯಾವುದು ‘ವ’ ಯಾವುದು ಅಂದರೆ ಅಳುತ್ತಾನೆ. ಇಂಗ್ಲಿಷ್ ಮೀಡಿಯಂ ಬಿಡಿಸಿ ಕನ್ನಡ ಶಾಲೆಗೆ ಹಾಕಲಾ? ಅಂಗವಿಕಲ ಸರ್ಟಿಫಿಕೇಟ್ ಮಾಡಿಸಲಾ?

ವಿಜಯಪುರದವಳು: ಅಕ್ಕಾರ, ನಾನು ನನ್ನ ಮಗನಿಗೆ ಮೂರು ಶಾಲೆ ಬದಲಿಸಿದವಳು. ಮೊದಲನೆಯದಕ್ಕೆ ಕೊಟ್ಟ ಡೊನೇಶನ್ 35,000, ಒಂದು ಪೈಸೆ ವಾಪಸ್ ಬರಲಿಲ್ಲ. ಎರಡನೆಯದರಲ್ಲಿ ಸೋಮಾರಿ ಅಂತ ಹಿಂದಿನ ಬೆಂಚಿಗೆ ಹಾಕಿದರು. ಆಮೇಲೆ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಥೆರಪಿ, ಸಲಕ್ಕೆ 600. ಬಸ್ಸು ನನಗೆ ಫ್ರೀ, ಅವನಿಗೆ ಅರ್ಧ ಟಿಕೆಟ್. 14 ತಿಂಗಳು ನಸುಕಿನ ಬಸ್ಸು! ಹಾರ್ನ್ ಕೇಳಿದರೆ ಕಿವಿ ಮುಚ್ಚಿ ಚೀರುತ್ತಿದ್ದ. ಕೊನೆಗೆ ಬಸ್ಸು, ಥೆರಪಿ ಕೋಣೆ, ಇಡ್ಲಿ, ಮತ್ತೆ ಬಸ್ಸು, ಮನೆ ಅಂತ ಐದು ಚೀಟಿಯಲ್ಲಿ ಚಿತ್ರ ಬರೆದುಕೊಟ್ಟೆ. ಒಂದೊಂದು ಮುಗಿದಂತೆ ತಿರುವಿ ಹಾಕುತ್ತಿದ್ದ. ಚೀರಾಟ ಅರ್ಧ ಇಳಿಯಿತು. ಇದನ್ನು 600 ತೆಗೆದುಕೊಂಡವರು ಹೇಳಿಕೊಡಲಿಲ್ಲ, ನೋಡಿ. ಸರ್ಟಿಫಿಕೇಟ್ ಮಾತ್ರ ಬಿಡಬೇಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಅಂಗವೈಕಲ್ಯಗಳ ಪಟ್ಟಿ ಇದೆ, ಅದರಲ್ಲಿ ಎರಡೂ ಇವೆ.

ಉದ್ಯಮಬಾಗ ಲೇಥ್: ನಾನೇ ಅಂಥವನು. ಗೊತ್ತಾಗಿದ್ದು 34ಕ್ಕೆ. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲ್. ಬೆಳಗಾವಿಯಲ್ಲಿ ಮನೆ ಹೊರಗೆ ಮರಾಠಿ, ಒಳಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮೂರು ಲಿಪಿಯೂ ನನ್ನ ಕಣ್ಣಿಗೆ ಇರುವೆ ಸಾಲು. ಆದರೆ ಡ್ರಾಯಿಂಗ್ ಕೊಟ್ಟರೆ ಜಾಬ್, ಅಂದರೆ ಲೇಥ್‌ನಲ್ಲಿ ಕಡೆಯುವ ಪೀಸ್, ತಲೆಯಲ್ಲೇ ತಿರುಗುತ್ತದೆ, ಒಳಗಿನ ತೂತು ಕೂಡ ಕಾಣುತ್ತದೆ. ಒಮ್ಮೆ 36.5 ಅನ್ನು 35.6 ಅಂತ ಓದಿ 40 ಪೀಸ್ ಸ್ಕ್ರ್ಯಾಪ್ ಮಾಡಿದೆ. ಪಗಾರದಲ್ಲಿ 7,200 ಹಿಡಿದರು, ಮೂರು ಕಂತಿನಲ್ಲಿ. ಅಂದಿನಿಂದ ಸ್ಯಾಂಪಲ್ ಪೀಸ್ ಮುಂದಿಟ್ಟರೆ ಮಾತ್ರ ಕೆಲಸ ಶುರು. ಸರ್ಟಿಫಿಕೇಟ್ ಇಲ್ಲದೆ ಎರಡು ಲೇಥ್ ಹಾಕಿದ್ದೇನೆ. ಕಾಗದದ ಹಿಂದೆ ಬೀಳಬೇಡಿ.

ವಿಜಯಪುರದವಳು: ಅಣ್ಣಾರ, ನೀವು ಎರಡು ಸಲ ಫೇಲಾದಿರಿ, ಈಗಿನ ಮಕ್ಕಳಿಗೆ ಆ ಕಾಗದ ಇದ್ದರೆ ಪರೀಕ್ಷೆಗೆ ಬರೆದುಕೊಡುವವರು, ಹೆಚ್ಚಿನ ಸಮಯ ಸಿಗುತ್ತದೆ. ನಾನು ಮೂರು ಸಲ ಅಲೆದು ಮಾಡಿಸಿದ್ದು ಸುಮ್ನೆ ಅಲ್ಲ.

ಉದ್ಯಮಬಾಗ ಲೇಥ್: ನನ್ನ ಕಷ್ಟ ನನಗೆ ಗೊತ್ತು ರೀ. ನೀವು ತಾಯಿ, ನೀವು ಹೊರಗಿಂದ ನೋಡಿದವರು.

ವಿಜಯಪುರದವಳು: ಹೊರಗಿಂದಾ? ಬಸ್ಸಿನಲ್ಲಿ ಜನರ ಬಾಯಿಗೆ ಬಿದ್ದವಳು ನಾನು.

ಇಳಕಲ್ಲ ಮಗ್ಗದವ: ಜಗಳ ಆಮೇಲೆ ಆಡಿ. ನಾನು 28,000 ಹಾಳು ಮಾಡಿದೆ. ಆರು ತಿಂಗಳಲ್ಲಿ ಆಟಿಸಂ ವಾಸಿ ಅಂತ ಒಬ್ಬ ಪುಡಿ ಕೊಟ್ಟ, ಹಾಲು ಗೋಧಿ ಬಿಡಿಸಿದ. ಮಗ 3 ಕಿಲೋ ಇಳಿದ, ಬೇರೆ ಏನೂ ಆಗಲಿಲ್ಲ. ಇದು ವಾಸಿಯಾಗುವ ರೋಗವೇ ಅಲ್ಲ ಅಂತ ಡಾಕ್ಟರೇ ಬೈದರು. ಈಗ 15 ವರ್ಷ. ಓದು ಎರಡನೇ ಕ್ಲಾಸಿನದು. ಆದರೆ ಇಳಕಲ್ಲ ಸೀರೆಯ ಟೋಪ ತೆನಿ ಸೆರಗಿನಲ್ಲಿ ಒಂದು ಎಳೆ ತಪ್ಪಿದರೆ ದೂರದಿಂದಲೇ ಹೇಳುತ್ತಾನೆ. ಸೆರಗಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಸೀರೆಯ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವುದು ಒಂದೇ ಸಲ ನೋಡಿ ಕಲಿತ. ಬಾಯಲ್ಲಿ ಹೇಳಿದ್ದರೆ ಈ ಜನ್ಮದಲ್ಲಿ ಬರುತ್ತಿರಲಿಲ್ಲ.

ಗೋಕಾಕದ ಅಪ್ಪ: ಗೋಧಿ ಬಿಟ್ಟು ನನ್ನ ಮಗಳು ಎಷ್ಟೋ ಸುಧಾರಿಸಿದಳು. ಎಲ್ಲರನ್ನೂ ಮೋಸಗಾರರು ಅನ್ನಬೇಡಿ.

ಇಳಕಲ್ಲ ಮಗ್ಗದವ: ಹೊಟ್ಟೆ ಸರಿಹೋಗಿರಬಹುದು, ಆಟಿಸಂ ಹೋಯಿತಾ? ಮೂರು ಹೊತ್ತು ಜೋಳದ ರೊಟ್ಟಿ ತಿನ್ನುವ ನಾಡಿನಲ್ಲಿ ಗೋಧಿ ಬಿಡುವುದೂ ಒಂದು ಪಥ್ಯವಾ?

ಗೋಕಾಕದ ಅಪ್ಪ: ಗೋಕಾಕದಲ್ಲಿ ಚಪಾತಿಯೂ ತಿನ್ನುತ್ತೇವೆ ಸ್ವಾಮಿ. ಪುಡಿ ಕೊಂಡವರು ನೀವು, ನಾನಲ್ಲ.

ಬಾಗಲಕೋಟೆ ತಾಯಿ: ಸರ್ಟಿಫಿಕೇಟ್ ಮಾಡಿಸುತ್ತೇನೆ. ಐದು ಚೀಟಿಯನ್ನೂ ನಾಳೆಯೇ ಬರೆಯುತ್ತೇನೆ. ಶಾಲೆ ಬದಲಿಸುವುದರ ಬಗ್ಗೆ ಯಾರಾದರೂ ಹೇಳುತ್ತೀರಾ? ಅಡ್ಮಿಶನ್‌ಗೆ ಹತ್ತು ದಿನ ಉಳಿದಿದೆ.

ಉದ್ಯಮಬಾಗ ಲೇಥ್: ಕನ್ನಡ ಶಾಲೆ. ಅಕ್ಷರ ತಪ್ಪಿದರೂ ಪಾಠ ಕಿವಿಗಾದರೂ ತಿಳಿಯುತ್ತದೆ.

ವಿಜಯಪುರದವಳು: ಈ ಒಂದು ಮಾತಿಗೆ ಅಣ್ಣಾರ ಜೊತೆ ನಾನೂ ಒಪ್ಪುತ್ತೇನೆ. ಸರ್ಟಿಫಿಕೇಟ್ ವಿಷಯಕ್ಕೆ ಅಲ್ಲ.