ಸೌತ್‌ಡೇಲ್ ಮಾಲ್ ಮತ್ತು ಅದರ ದೊಡ್ಡ ಮಳಿಗೆಗಳ ಚರಿತ್ರೆ: ತಿಳಿದವರು ದಯವಿಟ್ಟು ವಿವರಿಸಿ

ನೀರ್ಚಾಲು ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಪ್ಲಸ್ ವನ್ (ಹನ್ನೊಂದನೆಯ ತರಗತಿ) ಮಕ್ಕಳಿಗೆ ವಾಣಿಜ್ಯ ಕಲಿಸುವವನು. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಾದ್ದರಿಂದ ಪಾಠವನ್ನು ಕನ್ನಡದಲ್ಲಿಯೇ ಬಿಡಿಸಿ ಹೇಳಬೇಕಾಗುತ್ತದೆ. ಆಂತರಿಕ ವ್ಯಾಪಾರದ ಅಧ್ಯಾಯದಲ್ಲಿ ಡಿಪಾರ್ಟ್‌ಮೆಂಟಲ್ ಸ್ಟೋರ್ ಎಂಬ ಮಾತು ಬಂದಾಗ ಅವರ ಕಣ್ಣ ಮುಂದೆ ನಿಲ್ಲುವುದು ಅಕ್ಕಿ, ಬೇಳೆ, ಸಾಬೂನುಗಳನ್ನು ಸಾಲಾಗಿ ಜೋಡಿಸಿದ ಪೇಟೆಯ ದಿನಸಿ ಅಂಗಡಿ. ನಮ್ಮ ಕಡೆ ಅಂಥ ಅಂಗಡಿಗಳ ಬೋರ್ಡಿನ ಮೇಲೆಯೇ ಆ ಹೆಸರು ಬರೆದಿರುತ್ತದೆ. ಮಾಲ್ ಎಂದರೆ ಅವರಿಗೆ ಮಂಗಳೂರಿನಲ್ಲಿ ರಜೆಯ ದಿನ ನೋಡಿದ ಕಟ್ಟಡ. ಈ ಎರಡಕ್ಕೂ ಸಂಬಂಧವಿದೆಯೆಂದು ಅವರಿಗೆ ಹೊಳೆಯುವುದಿಲ್ಲ.

ಆದುದರಿಂದ ಒಂದೇ ಮಾಲಿನ ಚರಿತ್ರೆಯನ್ನು ಹಿಡಿದು ಪಾಠ ಕಟ್ಟೋಣವೆಂದು ಅಮೆರಿಕದ ಮಿನ್ನಿಯಾಪೊಲಿಸ್ ನಗರದ ಹೊರವಲಯದಲ್ಲಿರುವ ಈಡೈನಾ ಊರಿನ ಸೌತ್‌ಡೇಲನ್ನು ಆರಿಸಿಕೊಂಡಿದ್ದೇನೆ. ಪೂರ್ತಿ ಮುಚ್ಚಿದ, ಒಳಗಿನ ಉಷ್ಣತೆಯನ್ನು ವರ್ಷವಿಡೀ ಒಂದೇ ಹದದಲ್ಲಿ ಇಟ್ಟ ಆ ದೇಶದ ಮೊದಲ ಮಾಲ್ ಅದು. ತೆರೆದದ್ದು 1956ರ ಅಕ್ಟೋಬರ್ 8ರಂದು. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ನವೆಂಬರ್ 1ಕ್ಕೆ ಅದು 24 ದಿನ ಮೊದಲು. ಮನೆಯ ಹಿರಿಯರ ಬಾಯಿಯಿಂದ ಆ ವರ್ಷದ ಮಾತು ಕೇಳಿ ಬೆಳೆದ ಮಕ್ಕಳಿಗೆ ಕಾಲವನ್ನು ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ನನ್ನ ಸಂಶಯಗಳು ಇವು. ನಗರದ ನಡುವೆ ದೊಡ್ಡ ಅಂಗಡಿ ಇದ್ದ ಮನೆತನವೊಂದು ಹೊಲದ ನಡುವೆ ಹೋಗಿ ಮಾಲ್ ಕಟ್ಟಿದ್ದೇಕೆ? ಕಟ್ಟಿದ ಮೇಲೆ ಅದರೊಳಗೆ ತನ್ನ ಪ್ರತಿಸ್ಪರ್ಧಿಗೇ ಜಾಗ ಕೊಟ್ಟದ್ದೇಕೆ? ದೊಡ್ಡ ಮಳಿಗೆ ಮುಚ್ಚಿದರೆ ಇಡೀ ಮಾಲ್ ಕುಸಿಯುತ್ತದೆಂದು ಓದುತ್ತೇವಲ್ಲ, ಅದು ನಡೆಯುವ ಬಗೆ ಹೇಗೆ? ಇಂಥ ಮಳಿಗೆಗೆ ಇಂಗ್ಲಿಷಿನಲ್ಲಿ ಆ್ಯಂಕರ್ ಎನ್ನುತ್ತಾರೆ. ಕನ್ನಡದಲ್ಲಿ ಏನೆಂದು ಹೇಳಲಿ?

ಪೆರಡಾಲದ ಓದುಗಿ:

ಮಾಷ್ಟ್ರೇ, ಮಗನ ಸಂಸಾರ ಮಿನ್ನಿಯಾಪೊಲಿಸಿನ ಸಮೀಪವಿರುವುದರಿಂದ ನಾನು ಮೂರು ಚಳಿಗಾಲಗಳನ್ನು ಅಲ್ಲಿ ಕಳೆದಿದ್ದೇನೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ ಇರುವಾಗ ವಯಸ್ಸಾದವರು ಬೆಳಗಿನ ನಡಿಗೆಗಾಗಿಯೇ ಮಾಲಿಗೆ ಬರುತ್ತಾರೆ. ನಾನೂ ಸೌತ್‌ಡೇಲಿನೊಳಗೆ ಹಾಗೆ ನಡೆದವಳು. ಆ ಆಸಕ್ತಿಯಿಂದಲೇ ಅದರ ಕಥೆಯನ್ನು ಓದಿಕೊಂಡೆ.

ಮೊದಲು ಡಿಪಾರ್ಟ್‌ಮೆಂಟ್ ಸ್ಟೋರ್ ಎಂದರೇನೆಂದು ಮಕ್ಕಳಿಗೆ ತೋರಿಸಬೇಕು. ಅದು ನಗರದ ಮುಖ್ಯ ಬೀದಿಯ ಬಹುಮಹಡಿ ಕಟ್ಟಡ. ಬಟ್ಟೆ, ಪಾದರಕ್ಷೆ, ಪೀಠೋಪಕರಣ, ಪಾತ್ರೆ, ಆಟಿಕೆ ಎಂದು ಒಂದೊಂದು ವಿಭಾಗಕ್ಕೆ ಒಬ್ಬೊಬ್ಬ ಮುಖ್ಯಸ್ಥ, ಅವನೇ ಸರಕು ಆರಿಸಿ ತರಿಸುವವನು, ಪ್ರತಿ ವಿಭಾಗದ ಲಾಭನಷ್ಟವೂ ಬೇರೆಯಾಗಿಯೇ ಬರೆಯಲ್ಪಡುತ್ತದೆ. ಬೆಲೆಯನ್ನು ಚೀಟಿಯಲ್ಲಿ ಬರೆದು ಅಂಟಿಸುವುದು, ಚೌಕಾಸಿ ಇಲ್ಲದಿರುವುದು, ಒಪ್ಪಿಗೆಯಾಗದ ವಸ್ತುವನ್ನು ಹಿಂದೆ ಪಡೆಯುವುದು, ಇವೆಲ್ಲ ರೂಢಿಗೆ ಬಂದದ್ದು ಮುಖ್ಯವಾಗಿ ಇಂಥ ಮಳಿಗೆಗಳಿಂದ. ಪ್ಯಾರಿಸಿನ ಬಾನ್ ಮಾರ್ಶೆ 19ನೆಯ ಶತಮಾನದಲ್ಲಿಯೇ ಈ ದಾರಿಯಲ್ಲಿ ನಡೆದಿತ್ತು. ಮಿನ್ನಿಯಾಪೊಲಿಸಿನಲ್ಲಿ ಜಾರ್ಜ್ ಡ್ರೇಪರ್ ಡೇಟನ್ 1902ರಲ್ಲಿ ನಿಕೊಲೆಟ್ ಬೀದಿಯಲ್ಲಿ ಆರಂಭಿಸಿದ ಜವಳಿ ಮಳಿಗೆ ಬೆಳೆದು ಡೇಟನ್ಸ್ ಆಯಿತು. ಸೌತ್‌ಡೇಲನ್ನು ಕಟ್ಟಿಸಿದ್ದು ಈ ಮನೆತನವೇ. 2011ರಿಂದ 2019ರವರೆಗೆ ಮಿನ್ನೆಸೋಟ ರಾಜ್ಯದ ಗವರ್ನರ್ ಆಗಿದ್ದ ಮಾರ್ಕ್ ಡೇಟನ್ ಅವರ ಮರಿಮಗ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸರಕಾರದ ಬೆಂಬಲದ ಗೃಹಸಾಲ ಮತ್ತು ಕಾರು ಎರಡೂ ಮಧ್ಯಮ ವರ್ಗದ ಕೈಗೆಟುಕಿ ಗಿರಾಕಿಗಳು ಹೊರವಲಯದ ಹೊಸ ಬಡಾವಣೆಗಳಿಗೆ ಹೋದರು. ಗಿರಾಕಿ ಹೋದಲ್ಲಿಗೆ ಅಂಗಡಿಯೂ ಹೋಗಬೇಕಲ್ಲ. ಈ ಬಡಾವಣೆಗಳಲ್ಲಿ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲವೆಂಬುದನ್ನೂ ಮಕ್ಕಳಿಗೆ ಹೇಳಿ: ಈಡೈನಾದ ಕಂಟ್ರಿ ಕ್ಲಬ್ ಬಡಾವಣೆಯ ಕ್ರಯಪತ್ರಗಳಲ್ಲಿ ಬಿಳಿಯರಲ್ಲದವರು ಅಲ್ಲಿ ಮನೆ ಕೊಳ್ಳಬಾರದೆಂಬ ಷರತ್ತು ಇತ್ತು. ಮಾಲಿನ ಚರಿತ್ರೆಯನ್ನು ಹೇಳುವವರು ಈ ಸಂಗತಿಯನ್ನು ಬಿಟ್ಟುಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಸೌತ್‌ಡೇಲನ್ನು ರೂಪಿಸಿದ ವಿಕ್ಟರ್ ಗ್ರೂಯೆನ್ 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡ 1938ರಲ್ಲಿ ಅಮೆರಿಕಕ್ಕೆ ತಪ್ಪಿಸಿಕೊಂಡು ಬಂದವರು. ಡೆಟ್ರಾಯಿಟಿನ ಹಡ್ಸನ್ಸ್ ಮಳಿಗೆಗಾಗಿ ಅವರು ರೂಪಿಸಿದ ನಾರ್ತ್‌ಲ್ಯಾಂಡ್ 1954ರಲ್ಲಿ ತೆರೆಯಿತು, ಆದರೆ ಅದರ ಅಂಗಳಗಳ ಮೇಲೆ ಮಾಡು (ಛಾವಣಿ) ಇರಲಿಲ್ಲ. ಮಿನ್ನೆಸೋಟದಲ್ಲಿ ಹೊರಗೆ ಓಡಾಡಿ ಕೊಳ್ಳಲು ಹಿತವಾದ ದಿನಗಳು ವರ್ಷಕ್ಕೆ 126 ಮಾತ್ರ ಎಂಬ ಲೆಕ್ಕ ಅವರ ಮುಂದಿತ್ತು. ಆದುದರಿಂದ ಇಡೀ ಪೇಟೆಯ ಮೇಲೆ ಮಾಡು ಹಾಕಿ, ಒಳಗೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ಉಷ್ಣತೆ ನಿಲ್ಲಿಸಿ, ನಡುವೆ ಗಿಡಮರ ಮತ್ತು ಹಕ್ಕಿಗಳ ಪಂಜರವಿದ್ದ ದೊಡ್ಡ ಅಂಗಳವನ್ನು ಇಟ್ಟರು. ಅಂಗಡಿಗಳನ್ನು ಎರಡು ಅಂತಸ್ತಿನಲ್ಲಿ ಹಂಚಿ, ಎರಡು ಅಂತಸ್ತಿಗೂ ಕಾರು ನಿಲ್ಲಿಸಿದ ಜಾಗದಿಂದ ನೇರವಾಗಿ ಪ್ರವೇಶ ಕೊಟ್ಟದ್ದು ಬಹಳ ಜಾಣತನದ ಕೆಲಸ. ಮೇಲಿನ ಅಂತಸ್ತಿನ ಕೋಣೆಗಳಿಗೆ ಗಿರಾಕಿ ಹತ್ತಿಬರುವುದಿಲ್ಲವೆಂಬ ನಮ್ಮ ಕಾಂಪ್ಲೆಕ್ಸುಗಳ ಶಾಶ್ವತ ದೂರು ಅಲ್ಲಿ ಹುಟ್ಟಲೇ ಇಲ್ಲ. 2 ಕೋಟಿ ಡಾಲರ್ ಖರ್ಚು, 72 ಅಂಗಡಿ, 5,000ಕ್ಕಿಂತ ಹೆಚ್ಚು ಕಾರುಗಳಿಗೆ ಜಾಗ, ಮೊದಲ ದಿನ ಸುಮಾರು 75,000 ಜನ.

ಇಷ್ಟಾಗಿಯೂ ಗ್ರೂಯೆನ್ ಬಯಸಿದ್ದು ಬರಿಯ ಅಂಗಡಿಗಳನ್ನಲ್ಲ. ಸುಮಾರು 460 ಎಕರೆಯಲ್ಲಿ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ, ಕೆರೆ ಎಲ್ಲವೂ ಇದ್ದು ಅದರ ನಡುವೆ ಮಾಲ್ ಇರಬೇಕು, ಕಾರಿನಿಂದಾಗಿ ಚದುರಿಹೋದ ಜನರಿಗೆ ಅದು ಊರ ನಡುವಿನ ಕಟ್ಟೆಯಾಗಬೇಕು ಎಂಬುದು ಅವರ ಆಸೆ. ಕಟ್ಟಿದ್ದು ಮುಖ್ಯವಾಗಿ ಮಾಲ್ ಮತ್ತು ಅದರ ಸುತ್ತಲಿನ ಕಾರು ನಿಲ್ದಾಣ.

ಸೊಲ್ಲಾಪುರದ ಲೆಕ್ಕಿಗ:

ಮಾಸ್ತರರೇ, ಅಕ್ಕನವರು ಬರೆದುದಕ್ಕೆ ತೆರಿಗೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಾನು ಸೊಲ್ಲಾಪುರದಲ್ಲಿ ವ್ಯಾಪಾರಿಗಳ ಆದಾಯ ತೆರಿಗೆಯ ಲೆಕ್ಕ ನೋಡುವವನು. ಒಂದು ಮಾಲ್ ಸಾವಿರಾರು ಆದುದಕ್ಕೆ ಕಾರು ಮತ್ತು ಹೆದ್ದಾರಿಯಷ್ಟೇ ದೊಡ್ಡ ಕಾರಣ ಕಟ್ಟಡದ ಸವಕಳಿ, ಅಂದರೆ ಹಳತಾಗುತ್ತಾ ಹೋಗುವ ಕಟ್ಟಡದ ಬೆಲೆಯಲ್ಲಿ ಪ್ರತಿವರ್ಷ ಆದಾಯದಿಂದ ಕಳೆಯಲು ಬಿಡುವ ಪಾಲು.

ಒಂದು ಕಟ್ಟಡಕ್ಕೆ 1 ಕೋಟಿ ಖರ್ಚಾಗಿದೆ, ಅದರ ಬಾಳಿಕೆ 40 ವರ್ಷ ಎಂದಿಟ್ಟುಕೊಳ್ಳಿ. ಸಮನಾಗಿ ಹಂಚಿದರೆ ವರ್ಷಕ್ಕೆ ಎರಡೂವರೆ ಲಕ್ಷವನ್ನು ಆದಾಯದಿಂದ ಕಳೆಯಬಹುದು. ಅಮೆರಿಕದ 1954ರ ತೆರಿಗೆ ಕಾನೂನು ಹೊಸದಾಗಿ ಕಟ್ಟಿದ ವಾಣಿಜ್ಯ ಕಟ್ಟಡಗಳಿಗೆ ಇದರ ಎರಡು ಪಟ್ಟು ದರವನ್ನು, ಉಳಿದ ಮೌಲ್ಯದ ಮೇಲೆ, ಒಪ್ಪಿತು. ಮೊದಲ ವರ್ಷ 5 ಲಕ್ಷ, ಎರಡನೆಯ ವರ್ಷ ಉಳಿದ 95 ಲಕ್ಷದ ಶೇಕಡಾ 5, ಅಂದರೆ 4.75 ಲಕ್ಷ, ಹೀಗೆ ಆರಂಭದ ವರ್ಷಗಳಲ್ಲಿ ಸವಕಳಿ ಉಬ್ಬಿರುತ್ತದೆ. ಕೈಗೆ ಬಾಡಿಗೆ ಬರುತ್ತಲೇ ಇರುವಾಗ ಪುಸ್ತಕದಲ್ಲಿ ನಷ್ಟ ಕಾಣುತ್ತದೆ. ಆ ನಷ್ಟವನ್ನು ಬೇರೆ ಆದಾಯದಿಂದ ಕಳೆದು ತೆರಿಗೆ ಉಳಿಸಬಹುದಾಗಿತ್ತು. ನಮ್ಮಲ್ಲಿ ವಾಸಕ್ಕಲ್ಲದ ಕಟ್ಟಡಗಳಿಗೆ ಉಳಿದ ಮೌಲ್ಯದ ಶೇಕಡಾ 10ರ ದರವಿರುವುದರಿಂದ ಮಕ್ಕಳಿಗೆ ಅದೇ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸಿ ತೋರಿಸಬಹುದು.

ಇಲ್ಲಿ ಮುಖ್ಯವಾದುದು ಹೊಸದು ಎಂಬ ಮಾತು. ಈ ಅನುಕೂಲ ಪೂರ್ತಿಯಾಗಿ ದೊರೆಯುತ್ತಿದ್ದುದು ಹೊಸ ಕಟ್ಟಡಕ್ಕೆ. ಹಳೆಯ ಪೇಟೆಯ ಕಟ್ಟಡವನ್ನು ಕೊಂಡು ನಡೆಸುವವನಿಗೆ ಅಷ್ಟು ಸಿಗುತ್ತಿರಲಿಲ್ಲ. ಭೂಮಿಗಂತೂ ಸವಕಳಿಯೇ ಇಲ್ಲ. ಆದುದರಿಂದ ನಗರದ ನಡುವಿನ ದುಬಾರಿ ಭೂಮಿಗಿಂತ ಹೊರಗಿನ ಅಗ್ಗದ ಹೊಲದ ಮೇಲೆ ಹೊಸ ಕಟ್ಟಡ ಎಬ್ಬಿಸುವುದೇ ಲಾಭವಾಯಿತು, ಕೆಲವು ವರ್ಷಗಳ ನಂತರ ಅದನ್ನು ಮಾರಿ ಇನ್ನೊಂದನ್ನು ಕಟ್ಟುವುದೂ ಲಾಭವಾಯಿತು. ಜನವಸತಿ ಸಾಲದ ಕಡೆಯೂ ಮಾಲುಗಳು ಎದ್ದದ್ದು ಇದರಿಂದ. ಆದರೆ ಒಂದು ಎಚ್ಚರ: ಸೌತ್‌ಡೇಲಿನ ಯೋಜನೆ 1952ರಲ್ಲಿಯೇ ಪ್ರಕಟವಾಗಿತ್ತು. ಈ ಕಾನೂನು ಸೌತ್‌ಡೇಲನ್ನು ಹುಟ್ಟಿಸಿತೆಂದು ಹೇಳಬೇಡಿ. ಅದರ ಹಿಂದೆ ಬಂದ ಮಾಲುಗಳ ಮಹಾಪೂರಕ್ಕೆ ಇದು ಕಾರಣ.

ಉಪ್ಪಳದ ಜವಳಿಯವ:

ಮಾಷ್ಟ್ರೇ, ಪ್ರತಿಸ್ಪರ್ಧಿಗೆ ಜಾಗ ಕೊಟ್ಟದ್ದೇಕೆಂದು ಕೇಳಿದ್ದೀರಿ. ಮೂರು ತಲೆಮಾರಿನಿಂದ ಜವಳಿ ಮಾರುವ ಮನೆಯವನಾಗಿ ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ಮದುವೆಯ ಸೀರೆಗೆ ನಮ್ಮ ಕುಂಬಳೆ, ಮಂಜೇಶ್ವರದವರು ಮಂಗಳೂರಿನ ಹಂಪನಕಟ್ಟೆಗೆ ಹೋಗುವುದು ಅಲ್ಲಿ ಒಂದು ಒಳ್ಳೆಯ ಅಂಗಡಿ ಇದೆಯೆಂದಲ್ಲ, ಒಂದರಲ್ಲಿ ಒಪ್ಪಿಗೆಯಾಗದಿದ್ದರೆ ಇನ್ನೊಂದು ಇದೆಯೆಂಬ ಧೈರ್ಯದಿಂದ. ಡೇಟನ್ಸ್ ತನ್ನ ಮಾಲಿನೊಳಗೆ ಡೊನಾಲ್ಡ್‌ಸನ್ಸ್ ಮಳಿಗೆಯನ್ನು ಸೇರಿಸಿಕೊಂಡದ್ದು ಇದೇ ಧೈರ್ಯವನ್ನು ಗಿರಾಕಿಗೆ ಕೊಡಲಿಕ್ಕೆ. ಹೋಲಿಸಿ ನೋಡಲು ಒಂದರಿಂದ ಇನ್ನೊಂದಕ್ಕೆ ನಡೆಯುವಾಗ ದಾರಿಯಲ್ಲಿ ಸಣ್ಣ ಅಂಗಡಿಗಳ ಮುಂದೆ ಹಾದುಹೋಗಲೇಬೇಕು. ಅವುಗಳ ವ್ಯಾಪಾರ ನಿಂತಿರುವುದು ಆ ನಡಿಗೆಯ ಮೇಲೆ.

ಬಾಡಿಗೆಯ ಏರ್ಪಾಡೂ ಇದಕ್ಕೆ ತಕ್ಕಂತೆಯೇ ಇದೆ. ಅಮೆರಿಕದ ಮಾಲುಗಳಲ್ಲಿ ದೊಡ್ಡ ಮಳಿಗೆ ಚದರಡಿಗೆ ತೀರ ಕಡಿಮೆ ಬಾಡಿಗೆ ಕೊಡುತ್ತದೆ; ಎಷ್ಟೋ ಕಡೆ ತನ್ನ ಕಟ್ಟಡ, ಅದರ ಅಡಿಯ ನೆಲ ಎರಡೂ ಅದರದೇ ಆಗಿರುತ್ತವೆ. ಮಾಲಿನ ಒಡೆಯನ ಆದಾಯದ ಬಹುಪಾಲು ಸಣ್ಣ ಅಂಗಡಿಗಳಿಂದ: ಚದರಡಿಗೆ ಹೆಚ್ಚಿನ ಬಾಡಿಗೆ, ಅದರ ಮೇಲೆ ಮಾರಾಟ ಒಂದು ಮಿತಿಯನ್ನು ದಾಟಿದರೆ ಅದರಲ್ಲೊಂದು ಪಾಲು. ಆದರೆ ಸಣ್ಣ ಅಂಗಡಿಯವರೂ ಕರಾರಿನಲ್ಲಿ ಒಂದು ಷರತ್ತು ಹಾಕಿಸಿಕೊಂಡಿರುತ್ತಾರೆ. ದೊಡ್ಡ ಮಳಿಗೆ ಮುಚ್ಚಿದರೆ ನಮ್ಮ ಬಾಡಿಗೆ ಇಳಿಯಬೇಕು, ಇಷ್ಟು ತಿಂಗಳೊಳಗೆ ಬೇರೆ ಮಳಿಗೆ ಬಾರದಿದ್ದರೆ ನಾವು ಬಿಟ್ಟುಹೋಗಬಹುದು ಎಂದು. ನೀವು ಕೇಳಿದ ಕುಸಿತದ ಬಗೆ ಇದುವೇ. ದೊಡ್ಡದು ಹೋದ ದಿನ ಜನ ಕಡಿಮೆಯಾಗುತ್ತಾರೆ, ಒಡೆಯನ ಬಾಡಿಗೆಯೂ ಅದೇ ಹೊತ್ತಿಗೆ ಇಳಿಯುತ್ತದೆ, ಕಟ್ಟಡದ ಸಾಲದ ಕಂತು ಮಾತ್ರ ಇಳಿಯುವುದಿಲ್ಲ; ದುರಸ್ತಿ ನಿಲ್ಲುತ್ತದೆ, ಉಳಿದವರೂ ಒಬ್ಬೊಬ್ಬರಾಗಿ ಹೊರಡುತ್ತಾರೆ. ಇದರ ಮೇಲೆ ಕಾರು ನಿಲ್ಲಿಸುವ ಜಾಗವನ್ನು ಬದಲಿಸಲು ದೊಡ್ಡ ಮಳಿಗೆಗಳ ಒಪ್ಪಿಗೆ ಬೇಕೆಂಬ ಕರಾರು ಇರುವುದರಿಂದ, ಬಾಗಿಲು ಮುಚ್ಚಿದ ಮಳಿಗೆಯ ಒಡೆಯನೂ ಹೊಸ ಯೋಜನೆಯನ್ನು ತಡೆದು ನಿಲ್ಲಿಸಬಲ್ಲ.

ಇದನ್ನು ಸಣ್ಣ ಪ್ರಮಾಣದಲ್ಲಿ ನಾನು ಅನುಭವಿಸಿದ್ದೇನೆ. ನಮ್ಮ ಎರಡನೆಯ ಅಂಗಡಿ ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿತ್ತು. ಕೆಳಗಿನ ದೊಡ್ಡ ಸೂಪರ್‌ಮಾರ್ಕೆಟ್ ಮುಚ್ಚಿದ ಮೇಲೆ ಸಂಜೆಯ ವ್ಯಾಪಾರ ಬತ್ತಿಹೋಯಿತು. ಬಾಡಿಗೆ ಇಳಿಸುವ ಷರತ್ತು ನಮ್ಮ ಕರಾರಿನಲ್ಲಿರಲಿಲ್ಲ. ಒಂದೂವರೆ ವರ್ಷ ತಾಳಿ ಖಾಲಿ ಮಾಡಿದೆವು.

ನೀರ್ಚಾಲು ಮಾಷ್ಟ್ರು:

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಸವಕಳಿಯ ಲೆಕ್ಕವನ್ನೂ ಕರಾರಿನ ಷರತ್ತನ್ನೂ ಪಾಠದಲ್ಲಿ ಖಂಡಿತ ಸೇರಿಸುತ್ತೇನೆ. ಸೌತ್‌ಡೇಲಿನ ಆ ಎರಡು ಮಳಿಗೆಗಳು ಮುಂದೆ ಏನಾದುವೆಂದು ಅಕ್ಕ ತಿಳಿಸಿದರೆ ಉಪಕಾರವಾಗುತ್ತದೆ.

ಪೆರಡಾಲದ ಓದುಗಿ:

ಡೊನಾಲ್ಡ್‌ಸನ್ಸ್ ಹೆಸರು 1987ರಲ್ಲಿ ಅಳಿಯಿತು. ಚಿಕಾಗೋದ ಕಾರ್ಸನ್ ಪಿರಿ ಸ್ಕಾಟ್ ಅದನ್ನು ಕೊಂಡುಕೊಂಡಿತು. ಡೇಟನ್ಸ್ ಕಥೆ ಇನ್ನೂ ಉದ್ದವಾಗಿದೆ. ಅದು 1969ರಲ್ಲಿ, ನಾರ್ತ್‌ಲ್ಯಾಂಡ್ ಕಟ್ಟಿಸಿದ ಅದೇ ಹಡ್ಸನ್ಸ್ ಜೊತೆ ಒಂದಾಯಿತು. ಅದಕ್ಕೆ ಮೊದಲೇ, 1962ರಲ್ಲಿ, ಡೇಟನ್ ಕಂಪನಿ ರೋಸ್‌ವಿಲ್ ಎಂಬಲ್ಲಿ ಅಗ್ಗದ ಬೆಲೆಯ ಇನ್ನೊಂದು ಬಗೆಯ ಮಳಿಗೆಯನ್ನು ತೆರೆದಿತ್ತು, ಅದುವೇ ಟಾರ್ಗೆಟ್. ವಾಲ್‌ಮಾರ್ಟ್ ಮತ್ತು ಕೆಮಾರ್ಟ್ ಹುಟ್ಟಿದ್ದೂ ಅದೇ ವರ್ಷ. ಮಾಲ್ ಬೇಡದ, ಒಂಟಿಯಾಗಿ ರಸ್ತೆಬದಿಯಲ್ಲಿ ನಿಲ್ಲುವ ಟಾರ್ಗೆಟ್ ತಾಯಿಮಳಿಗೆಯನ್ನು ಮೀರಿ ಬೆಳೆದು, 2000ದಲ್ಲಿ ಇಡೀ ಕಂಪನಿಯ ಹೆಸರೇ ಟಾರ್ಗೆಟ್ ಆಯಿತು. ಡೇಟನ್ಸ್ ಮಳಿಗೆಗಳಿಗೆ 2001ರಲ್ಲಿ ಮಾರ್ಷಲ್ ಫೀಲ್ಡ್ಸ್ ಎಂಬ ಹೆಸರು ಬಂತು, 2004ರಲ್ಲಿ ಅವುಗಳನ್ನು ಮಾರಿದರು, 2006ರಲ್ಲಿ ಅವು ಮೇಸೀಸ್ ಆದವು. ನಿಕೊಲೆಟ್ ಬೀದಿಯ ಮೂಲ ಮಳಿಗೆ 2017ರಲ್ಲಿ ಮುಚ್ಚಿತು. ನನ್ನ ಸೊಸೆಯ ನೆರೆಮನೆಯ ಹಿರಿಯರು ಮಾತ್ರ ಇಂದಿಗೂ ಡೇಟನ್ಸ್ ಎಂದೇ ಹೇಳುತ್ತಾರೆ.

ಸೌತ್‌ಡೇಲಿಗೆ ಇನ್ನೊಂದು ಪೆಟ್ಟು ಬಿದ್ದದ್ದು 1992ರಲ್ಲಿ. ಕೆಲವೇ ಕಿಲೋಮೀಟರ್ ದೂರದ ಬ್ಲೂಮಿಂಗ್ಟನ್‌ನಲ್ಲಿ ನಾಲ್ಕು ಡಿಪಾರ್ಟ್‌ಮೆಂಟ್ ಸ್ಟೋರುಗಳೊಡನೆ ಮಾಲ್ ಆಫ್ ಅಮೆರಿಕ ತೆರೆಯಿತು. ಆದರೂ ಸೌತ್‌ಡೇಲ್ ಉಳಿದುಕೊಂಡಿತು, ಹಿಂದೆ ಜೆ.ಸಿ. ಪೆನ್ನಿ ಮಳಿಗೆಯಿದ್ದ ಜಾಗದಲ್ಲಿ 2019ರಲ್ಲಿ ದೊಡ್ಡ ವ್ಯಾಯಾಮ ಕೇಂದ್ರ ಬಂದಿತು, ಕಾರು ನಿಲ್ದಾಣದ ಒಂದು ಭಾಗದಲ್ಲಿ ವಸತಿ ಕಟ್ಟಡಗಳು ಎದ್ದವು. ಅದರ ತಂಗಿಯೆನ್ನಬಹುದಾದ, 1962ರಲ್ಲಿ ತೆರೆದ ಬ್ರೂಕ್‌ಡೇಲ್ 2010ರಲ್ಲಿ ಮುಚ್ಚಿತು. ಅದರ ಬಹುಭಾಗವನ್ನು ಕೆಡವಿದ ಮೇಲೆ ಆ ಜಾಗಕ್ಕೆ ವಾಲ್‌ಮಾರ್ಟ್ ಬಂದಿತು. ಓಹಾಯೋದ ರ‍್ಯಾಂಡಲ್ ಪಾರ್ಕ್ ಮಾಲನ್ನು ಕೆಡವಿದ ನೆಲದಲ್ಲಿ ಈಗ ಇರುವುದು ಅಮೆಜಾನಿನ ಗೋದಾಮು. ಗ್ರೂಯೆನ್ ಇದನ್ನೆಲ್ಲ ನೋಡಲಿಲ್ಲ. ವಿಯೆನ್ನಾಕ್ಕೆ ಮರಳಿದ್ದ ಅವರು 1978ರಲ್ಲಿ ಲಂಡನ್ನಿನಲ್ಲಿ ಮಾತನಾಡುತ್ತಾ, ತನ್ನ ಆಲೋಚನೆಯಿಂದ ಅಂಗಡಿಗಳನ್ನಷ್ಟೇ ಎತ್ತಿಕೊಂಡು ಕಟ್ಟಿದ ಆ ಮಾಲುಗಳಿಗೆ ತಾನು ತಂದೆಯಲ್ಲವೆಂದು ಹೇಳಿ, ಎರಡು ವರ್ಷಗಳ ನಂತರ ತೀರಿಕೊಂಡರು.

ಉಪ್ಪಳದ ಜವಳಿಯವ:

ಹೆಸರಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಲಂಗರು ಮಳಿಗೆ ಎನ್ನಿ ಮಾಷ್ಟ್ರೇ. ಕಡಲತೀರದ ಮಕ್ಕಳಿಗೆ ಲಂಗರು ಗೊತ್ತು, ಮಲಯಾಳದಲ್ಲಿ ನಂಗೂರ ಎಂಬುದನ್ನು ದಿನವೂ ಕೇಳುವವರಿಗೂ ಕೂಡಲೇ ತಿಳಿಯುತ್ತದೆ. ಆಧಾರ ಮಳಿಗೆ ಎಂದರೆ ಮಕ್ಕಳು ಆಧಾರ್ ಕಾರ್ಡಿನ ಕಚೇರಿಯೆಂದು ತಿಳಿದಾರು.

ನೀರ್ಚಾಲು ಮಾಷ್ಟ್ರು:

ಲಂಗರು ಮಳಿಗೆ ಎಂದೇ ಬರೆದುಕೊಂಡೆ. ಸೋಮವಾರದ ಪಾಠಕ್ಕೆ ಸೌತ್‌ಡೇಲಿನ ನಕ್ಷೆಯನ್ನು ಚಾರ್ಟಿನಲ್ಲಿ ಬಿಡಿಸುತ್ತಿದ್ದೇನೆ. ಡೇಟನ್ಸ್, ಡೊನಾಲ್ಡ್‌ಸನ್ಸ್ ಎರಡನ್ನೂ ಬೇರೆ ಬಣ್ಣದಲ್ಲಿ ತೋರಿಸಿ, ಅವುಗಳ ಕೆಳಗೆ ಬದಲಾದ ಹೆಸರುಗಳನ್ನು ವರ್ಷಸಹಿತ ಬರೆಯುತ್ತೇನೆ.